ಗಿಟಾರ್ ಒಂದೇ ಕಿವಿಯಲ್ಲಿ ಕೇಳಿಸುತ್ತಿದೆಯಾ?

ಬೆಳಗಾವಿಯ ಟಿಳಕವಾಡಿಯಲ್ಲಿ ಬಾಡಿಗೆ ರೂಮಿನಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ರೆಕಾರ್ಡ್ ಮಾಡುವ ಹುಡುಗರು ಜಾಸ್ತಿ ಕೇಳುವುದು ಇದನ್ನೇ. ಬೇರೆ ಹಾಡು ಎರಡೂ ಕಿವಿಗೆ ಬಂದರೆ ಹೆಡ್‌ಫೋನ್ ಸರಿ ಇದೆ, ಸುಮ್ನೆ ಹೊಸದು ತರಬೇಡಿ. ಗಿಟಾರ್‌ನಿಂದ ಬರುವುದು ಸಾಮಾನ್ಯವಾಗಿ ಒಂದೇ ಸಿಗ್ನಲ್, ಅಂದರೆ ಮೋನೋ. ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಆಗುವ ಟ್ರ್ಯಾಕ್ ಸ್ಟೀರಿಯೋ, ಅಂದರೆ ಎಡ ಬಲ ಎರಡು ಸಿಗ್ನಲ್‌ನದ್ದು ಇದ್ದರೆ, ಆಡಿಯೋ ಇಂಟರ್‌ಫೇಸ್‌ನಲ್ಲಿ (ಗಿಟಾರನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಡಬ್ಬಿ) ಗಿಟಾರ್ ಸಿಕ್ಕಿಸಿದ ಇನ್‌ಪುಟ್ 1 ಎಡಕ್ಕೆ ಹೋಗುತ್ತದೆ, ಏನೂ ಸಿಕ್ಕಿಸದ ಇನ್‌ಪುಟ್ 2 ಬಲಕ್ಕೆ ಹೋಗುತ್ತದೆ, ಅದಕ್ಕೇ ಬಲಗಿವಿಗೆ ಏನೂ ಕೇಳಿಸಲ್ಲ. ಟ್ರ್ಯಾಕನ್ನು ಮೋನೋ ಮಾಡಿ, ಇನ್‌ಪುಟ್ 1 ಆರಿಸಿ, ಪ್ಯಾನ್ (ಸದ್ದನ್ನು ಎಡಕ್ಕೋ ಬಲಕ್ಕೋ ಸರಿಸುವ ಗುಂಡಿ) ನಡುವೆ ಇಡಿ.

ಹೀಗೆ ಒಂದೇ ಕಿವಿಗೆ ಬರುವ ಹಾಗೆ ಒಳ್ಳೇ ಟೇಕ್ (ಒಂದು ಸಲ ನುಡಿಸಿದ ರೆಕಾರ್ಡಿಂಗ್) ಆಗಲೇ ಮುಗಿದಿದೆಯಾ? ಅಳಿಸಬೇಡಿ. ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಸ್ಪ್ಲಿಟ್ ಸ್ಟೀರಿಯೋ ಟು ಮೋನೋ ಒತ್ತಿ, ಖಾಲಿ ಟ್ರ್ಯಾಕ್ ತೆಗೆಯಿರಿ.

ಅದೇ ಟೇಕನ್ನು ಕಾಪಿ ಮಾಡಿ ಎಡ, ಬಲ ಇಟ್ಟರೆ ಸದ್ದು ಜಾಸ್ತಿಯಾಗುತ್ತದೆ ಅಷ್ಟೇ, ಸದ್ದು ಎರಡೂ ಕಡೆ ಹರಡಿದ ಹಾಗೆ ಅಗಲ ಬರುವುದಿಲ್ಲ. ಎರಡು ಸಲ ನಿಜವಾಗಿ ನುಡಿಸಿ, ಒಂದೊಂದನ್ನು ಒಂದೊಂದು ಕಡೆ ಪ್ಯಾನ್ ಮಾಡಿ.