ತುಮಕೂರಿನ ಎಕ್ಸ್‌ರೇ ರೂಮಿನಿಂದ ಇಂಗ್ಲೆಂಡಿನ ಆಸ್ಪತ್ರೆಗೆ: ಕೆಲಸ ಈಗ ಎಲ್ಲಿದೆ?

ಇಂಗ್ಲೆಂಡಿನಲ್ಲಿ ಎಕ್ಸ್‌ರೇ, ಸ್ಕ್ಯಾನಿಂಗ್ ಮಾಡುವವರಿಗೆ ಭಾರಿ ಬೇಡಿಕೆ ಇದೆ ಅಂತ ನಮ್ಮ ಕಡೆ ಏಜೆಂಟರು ಹೇಳುತ್ತಾರಲ್ಲ, ಅದು ಅರ್ಧ ನಿಜ. ಸಿ.ಟಿ, ಎಂ.ಆರ್.ಐ, ಅಲ್ಟ್ರಾಸೌಂಡ್ ಬಲ್ಲವರಿಗೆ ಈಗಲೂ ಕೆಲಸ ಇದೆ. ಬರೀ ಎಕ್ಸ್‌ರೇ ತೆಗೆದು ಅಭ್ಯಾಸ ಇರುವವರಿಗೆ ದಾರಿ ಇಕ್ಕಟ್ಟಾಗಿದೆ. ಸರ್ಕಾರಿ ಆಸ್ಪತ್ರೆಗಳ ಮೇಲೆ ಖರ್ಚು ಕಡಿಮೆ ಮಾಡುವ ಒತ್ತಡ ಇದೆ. ಇಲ್ಲಿ ಇಂಗ್ಲೆಂಡಿನಲ್ಲೇ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರೂ ಅದೇ ಕೆಲಸಕ್ಕೆ ಅರ್ಜಿ ಹಾಕುತ್ತಾರೆ. ವೀಸಾದ ಗೋಜಿಲ್ಲದವರು ಸಿಗುವಾಗ ಆಸ್ಪತ್ರೆಯವರು ಮೊದಲು ಅವರನ್ನೇ ನೋಡುತ್ತಾರೆ, ಸಹಜ ತಾನೆ.

ಈ ಬರಹ ಎರಡು ಥರದವರಿಗೆ. ಊರಲ್ಲಿ ಟೆಕ್ನೀಷಿಯನ್ ಆಗಿ ದುಡಿದು, ಗಂಡನಿಗೋ ಹೆಂಡತಿಗೋ ಸಿಕ್ಕ ಕೆಲಸದ ಜೊತೆ ಇಲ್ಲಿಗೆ ಬಂದು ಮನೆಯಲ್ಲಿ ಕುಳಿತವರು ಒಂದು ಕಡೆ. ಕೋಲಾರದಲ್ಲೋ ಚಿಕ್ಕಬಳ್ಳಾಪುರದಲ್ಲೋ ಇರುವ ತಮ್ಮನನ್ನು, ನಾದಿನಿಯನ್ನು ಕರೆಸಿಕೊಳ್ಳಬೇಕು ಅಂದುಕೊಂಡವರು ಇನ್ನೊಂದು ಕಡೆ.

ಇಬ್ಬರಿಗೂ ಮೊದಲ ಬಾಗಿಲು ಎಚ್.ಸಿ.ಪಿ.ಸಿ, ಅಂದರೆ ಆರೋಗ್ಯ ವೃತ್ತಿಯವರ ಹೆಸರು ನೋಂದಾಯಿಸುವ ಇಲ್ಲಿಯ ಸಂಸ್ಥೆ. ಅದರ ಪಟ್ಟಿಯಲ್ಲಿ ಹೆಸರಿಲ್ಲದೆ ಇಲ್ಲಿ ಯಾರೂ ರೇಡಿಯೋಗ್ರಾಫರ್ (ಎಕ್ಸ್‌ರೇ, ಸ್ಕ್ಯಾನ್ ತೆಗೆಯುವವರು) ಅಂತ ಹೇಳಿಕೊಳ್ಳುವ ಹಾಗಿಲ್ಲ, ಅದು ಕಾನೂನು. ಎಲ್ಲರೂ ಬರೆಯಲೇಬೇಕಾದ ಪ್ರವೇಶ ಪರೀಕ್ಷೆ ಅಂತ ಇಲ್ಲ. ನೀವು ಏನು ಓದಿದ್ದೀರಿ, ಏನು ಕೆಲಸ ಮಾಡಿದ್ದೀರಿ ಅನ್ನುವುದನ್ನು ಕಾಗದದ ಮೇಲೆ ತೂಗಿ ನೋಡುತ್ತಾರೆ. ಕೊರತೆ ಕಂಡರೆ ಪರೀಕ್ಷೆಯನ್ನೋ ಮೇಲ್ವಿಚಾರಣೆಯಲ್ಲಿ ಕಲಿಯುವ ಅವಧಿಯನ್ನೋ ಹಾಕಬಹುದು. ಇಂಗ್ಲಿಷಿಗೆ ಐ.ಇ.ಎಲ್.ಟಿ.ಎಸ್ ಬರೆಯುವುದಾದರೆ ಒಟ್ಟು 7 ಬರಬೇಕು, ಯಾವ ವಿಭಾಗದಲ್ಲೂ 6.5ಕ್ಕಿಂತ ಕೆಳಗೆ ಇಳಿಯಬಾರದು.

ತೊಂದರೆ ಆಗುವುದು ಕಾಗದದಲ್ಲೇ. ಕೋರ್ಸಿನ ವಿವರ ತುಂಬಿಕೊಡಬೇಕಾದವರು ಓದಿಸಿದ ಸಂಸ್ಥೆಯವರು. ಕೋಲಾರದ ಟಮಕದಲ್ಲಿ ದೇವರಾಜ ಅರಸು ಅಕಾಡೆಮಿಯಲ್ಲಿ ಓದಿದ್ದರೆ, ಆ ಅಕಾಡೆಮಿಯೇ ಒಂದು (ಡೀಮ್ಡ್) ವಿಶ್ವವಿದ್ಯಾಲಯ, ಕೆಲಸ ಅಲ್ಲೇ ಮುಗಿಯುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬಿ.ಎಸ್ಸಿ ಆದರೂ ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ ಆದರೂ ಬೆಂಗಳೂರಿಗೆ ಓಡಾಟ ತಪ್ಪಿದ್ದಲ್ಲ. ಇದನ್ನೆಲ್ಲ ವಿಮಾನ ಹತ್ತುವ ಮೊದಲೇ ಮಾಡಿಸಿಕೊಳ್ಳಿ. ಇಲ್ಲಿಂದ ಫೋನ್ ಮಾಡಿ ಗುಮಾಸ್ತರನ್ನು ಒಪ್ಪಿಸುವುದು ಹರಸಾಹಸ. ಡಿಪ್ಲೊಮಾದವರು ಧೈರ್ಯ ಕಳೆದುಕೊಳ್ಳಬೇಕಿಲ್ಲ, ಕೆಲಸದ ಅನುಭವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆದರೆ ‘ನಮ್ಮಲ್ಲಿ ಚೆನ್ನಾಗಿ ಕೆಲಸ ಮಾಡಿದ್ದಾರೆ’ ಅಂತ ಎರಡು ಸಾಲಿನ ಎಕ್ಸ್‌ಪೀರಿಯೆನ್ಸ್ ಲೆಟರ್ ಸಾಲದು. ಯಾವ ಮೆಷಿನ್, ಯಾವ್ಯಾವ ಪರೀಕ್ಷೆ, ಪೋರ್ಟಬಲ್ (ರೋಗಿಯ ಹಾಸಿಗೆ ಬಳಿಗೇ ಒಯ್ಯುವ ಎಕ್ಸ್‌ರೇ) ಮಾಡಿದಿರಾ, ಆಪರೇಷನ್ ಥಿಯೇಟರಿನಲ್ಲಿ ಸಿ-ಆರ್ಮ್ ಎಕ್ಸ್‌ರೇ ಯಂತ್ರ ನಡೆಸಿದಿರಾ, ಎಲ್ಲ ಬರೆಸಿಕೊಳ್ಳಿ.

ರಿಜಿಸ್ಟ್ರೇಷನ್ ಬರುವವರೆಗೆ ಸುಮ್ನೆ ಕೂರಬೇಕಾಗಿಲ್ಲ. ಡಿಪೆಂಡೆಂಟ್ ವೀಸಾದಲ್ಲಿ ಕೆಲಸ ಮಾಡಲು ಅನುಮತಿ ಇದ್ದವರು ಇಮೇಜಿಂಗ್ ಅಸಿಸ್ಟೆಂಟ್ ಕೆಲಸಕ್ಕೆ ಸೇರಬಹುದು. ಇದು ಬ್ಯಾಂಡ್ (ಸಂಬಳದ ದರ್ಜೆ) 2 ಅಥವಾ 3ರ ಕೆಲಸ, ಎಚ್.ಸಿ.ಪಿ.ಸಿ ಬೇಕಿಲ್ಲ. ರೋಗಿಯನ್ನು ಕರೆತರುವುದು, ಬಟ್ಟೆ ಬದಲಾಯಿಸಲು ನೆರವಾಗುವುದು, ರಕ್ತನಾಳಕ್ಕೆ ಹಾಕುವ ಕ್ಯಾನುಲಾದ ಟ್ರೇ ಜೋಡಿಸುವುದು. ‘ಹತ್ತು ವರ್ಷ ಟೆಕ್ನೀಷಿಯನ್ ಆಗಿದ್ದೆ, ಇದೇನು’ ಅಂತ ಕೆಲವರಿಗೆ ಅನಿಸುತ್ತದೆ. ಆದರೆ ಇಲ್ಲಿಯ ಆಸ್ಪತ್ರೆಯ ಅನುಭವ ಮತ್ತು ಇಲ್ಲಿಯ ಮೇಲಧಿಕಾರಿಯ ರೆಫರೆನ್ಸ್ ಎರಡೂ ಇದರಿಂದ ಸಿಗುತ್ತವೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಹತ್ತಿರದ ದಾರಿ ಇಲ್ಲ.

ಇನ್ನು ಬೇಡಿಕೆಯ ಮಾತು. 2021ರಿಂದ ಇಂಗ್ಲೆಂಡಿನಲ್ಲಿ ದೊಡ್ಡಾಸ್ಪತ್ರೆಯ ಹೊರಗೆ, ಊರ ನಡುವೆಯೇ, ಕಮ್ಯುನಿಟಿ ಡಯಾಗ್ನಾಸ್ಟಿಕ್ ಸೆಂಟರುಗಳನ್ನು ತೆರೆಯುತ್ತಿದ್ದಾರೆ. ಕೆಲವು ಶಾಪಿಂಗ್ ಸೆಂಟರಿನೊಳಗೂ ಇವೆ. ಸ್ಕ್ಯಾನಿಗೆ ಆರು ವಾರಕ್ಕಿಂತ ಜಾಸ್ತಿ ಕಾಯಬಾರದು ಅನ್ನುವುದು ಇಲ್ಲಿಯ ಗುರಿ, ಅದು ವರ್ಷಗಳಿಂದ ತಪ್ಪುತ್ತಲೇ ಇದೆ. ಅದಕ್ಕೇ ಈ ಸೆಂಟರುಗಳು. 55ರಿಂದ 74 ವಯಸ್ಸಿನ, ಬೀಡಿ ಸಿಗರೇಟು ಸೇದುವ ಅಥವಾ ಹಿಂದೆ ಸೇದುತ್ತಿದ್ದವರಿಗೆ ಶ್ವಾಸಕೋಶ ಕ್ಯಾನ್ಸರಿನ ತಪಾಸಣೆಯೂ ನಡೆಯುತ್ತಿದೆ. ಸಿ.ಟಿ ಮೆಷಿನ್ ಹೊತ್ತ ಲಾರಿ ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗಿಗೇ ಬಂದು ನಿಲ್ಲುತ್ತದೆ! ಹೀಗಾಗಿ ಬೆಳೆಯುತ್ತಿರುವುದು ಸಿ.ಟಿ ಮತ್ತು ಎಂ.ಆರ್.ಐ. ತುಮಕೂರಿನ ಬಿ.ಎಚ್. ರಸ್ತೆಯ ಯಾವುದೋ ಸ್ಕ್ಯಾನಿಂಗ್ ಸೆಂಟರಿನಲ್ಲಿ ಸಿ.ಟಿ ಕಲಿಯುವ ಅವಕಾಶ ಇದ್ದರೆ, ಸಂಬಳ ಸ್ವಲ್ಪ ಕಡಿಮೆಯಾದರೂ ಅಲ್ಲಿರಿ ಅಂತ ತಮ್ಮನಿಗೆ ಹೇಳಿ.

ಹೆಣ್ಣುಮಕ್ಕಳಿಗೆ ಇನ್ನೊಂದು ದಾರಿ ಮ್ಯಾಮೊಗ್ರಫಿ. ಇಲ್ಲಿ 50ರಿಂದ 70 ವಯಸ್ಸಿನ ಹೆಂಗಸರನ್ನು ಮೂರು ವರ್ಷಕ್ಕೊಮ್ಮೆ ಸ್ತನ ತಪಾಸಣೆಗೆ ಕರೆಯುತ್ತಾರೆ, ಅದನ್ನು ಮಾಡುವವರೂ ಹೆಂಗಸರೇ.

ಅಲ್ಟ್ರಾಸೌಂಡ್ ಕಥೆ ಬೇರೆ. ನಮ್ಮಲ್ಲಿ 1994ರ ಲಿಂಗಪತ್ತೆ ತಡೆ ಕಾಯ್ದೆಯಿಂದಾಗಿ ಪ್ರೋಬ್ (ಮೈಮೇಲೆ ಆಡಿಸುವ ಸ್ಕ್ಯಾನ್ ಉಪಕರಣ) ಹಿಡಿಯುವವರು ಡಾಕ್ಟರೇ. ಇಲ್ಲಿ ಬಹುಪಾಲು ಹಿಡಿಯುವುದು ಸೋನೋಗ್ರಾಫರ್, ಅವರಲ್ಲಿ ಹೆಚ್ಚಿನವರು ಮೂಲತಃ ರೇಡಿಯೋಗ್ರಾಫರ್. ಸ್ಕ್ಯಾನ್ ಮಾಡಿ ರಿಪೋರ್ಟನ್ನೂ ಅವರೇ ಬರೆಯುತ್ತಾರೆ. ಊರಿನ ಅನುಭವ ಇದಕ್ಕೆ ಸಾಲದು, ಇಲ್ಲಿಗೆ ಬಂದ ಮೇಲೆ ಸ್ನಾತಕೋತ್ತರ ಕೋರ್ಸ್ ಮಾಡಬೇಕು. ಆದರೆ ಕೊರತೆ ಇರುವ ಜಾಗ ಇದು.

ಎ.ಐ ಬಂದು ಕೆಲಸ ತಿನ್ನುತ್ತದಾ? ಎದೆಯ ಎಕ್ಸ್‌ರೇ ನೋಡಿ ಅನುಮಾನದ ಕಡೆ ಬೊಟ್ಟು ಮಾಡುವ ಸಾಫ್ಟ್‌ವೇರ್ ಈಗಾಗಲೇ ಕೆಲವು ಆಸ್ಪತ್ರೆಗಳಲ್ಲಿದೆ. ಅದು ತಟ್ಟುವುದು ಮುಖ್ಯವಾಗಿ ಚಿತ್ರ ಓದುವ ಕೆಲಸಕ್ಕೆ. ಸೊಂಟ ಮುರಿದುಕೊಂಡ 85ರ ಅಜ್ಜಿಯನ್ನು ನೋವಾಗದಂತೆ ಹೊರಳಿಸಿ ಚಿತ್ರ ತೆಗೆಯುವವರು ಬೇಕೇ ಬೇಕು.

ರೇಡಿಯೋಗ್ರಾಫರ್ ಸಂಬಳ ಬ್ಯಾಂಡಿನ ಲೆಕ್ಕದಲ್ಲಿ. ಇಂಗ್ಲೆಂಡಿನಲ್ಲಿ 2025-26ಕ್ಕೆ ಬ್ಯಾಂಡ್ 5 ವರ್ಷಕ್ಕೆ 31,049 ಪೌಂಡಿನಿಂದ ಶುರು, ಬ್ಯಾಂಡ್ 6 38,682ರಿಂದ. ನೈಟ್ ಡ್ಯೂಟಿ, ಭಾನುವಾರಕ್ಕೆ ಬೇರೆ ದುಡ್ಡು. ಲಂಡನ್ ಭತ್ಯೆ ನೋಡಿ ಮರುಳಾಗಬೇಡಿ, ಬಾಡಿಗೆ ಅದನ್ನು ನುಂಗಿಹಾಕುತ್ತದೆ. ಊರಿಂದ ಬರುವವರಿಗೆ ಹೆಲ್ತ್ ಅಂಡ್ ಕೇರ್ ವರ್ಕರ್ ವೀಸಾ. ಆರೈಕೆ ಕೆಲಸದವರು ಕುಟುಂಬವನ್ನು ಕರೆತರುವುದಕ್ಕೆ 2024ರ ಮಾರ್ಚಿನಲ್ಲಿ ತಡೆ ಬಿತ್ತು, ಅದು ರೇಡಿಯೋಗ್ರಾಫರ್‌ಗಳಿಗೆ ಅನ್ವಯಿಸುವುದಿಲ್ಲ. ಕೆಲಸ ಕೊಡಿಸಲು ಅಭ್ಯರ್ಥಿಯಿಂದ ದುಡ್ಡು ಕೇಳುವುದು ಇಲ್ಲಿಯ ನೇಮಕಾತಿ ಸಂಹಿತೆಗೆ ವಿರುದ್ಧ. ಲಕ್ಷಗಟ್ಟಲೆ ಕೇಳುವ ಏಜೆಂಟನಿಗೆ ಅಲ್ಲಿಂದಲೇ ಕೈಮುಗಿಯಿರಿ. ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯ ಎನ್.ಎಚ್.ಎಸ್ ಜಾಬ್ಸ್ ತಾಣದಲ್ಲಿ ನೀವೇ ಅರ್ಜಿ ಹಾಕಬಹುದು.

ಅರ್ಜಿಯ ಜೊತೆ ‘ಪರ್ಸನ್ ಸ್ಪೆಸಿಫಿಕೇಷನ್’ ಅಂತ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಕಡ್ಡಾಯ ಅಂತ ಬರೆದ ಒಂದೊಂದಕ್ಕೂ ನಿಮ್ಮ ಕೆಲಸದಿಂದಲೇ ಒಂದು ಉದಾಹರಣೆ ಬರೆಯಿರಿ, ಅದನ್ನು ನೋಡಿಯೇ ಅಂಕ ಹಾಕುತ್ತಾರೆ. ಇಂಟರ್‌ವ್ಯೂನಲ್ಲಿ ನಮ್ಮವರು ಎಡವುವುದು ಒಂದು ಪ್ರಶ್ನೆಯಲ್ಲಿ: ಬಲಗಾಲು ನೋವು ಅನ್ನುವ ರೋಗಿಗೆ ಡಾಕ್ಟರ್ ಎಡಗಾಲಿನ ಎಕ್ಸ್‌ರೇ ಬರೆದಿದ್ದಾರೆ, ಏನು ಮಾಡುತ್ತೀರಿ? ‘ಡಾಕ್ಟರ್ ಬರೆದ ಹಾಗೆ ತೆಗೆಯುತ್ತೇನೆ’ ಅಂದರೆ ಅಲ್ಲಿಗೆ ಮುಗಿಯಿತು. 2017ರ ವಿಕಿರಣ ನಿಯಮದ ಪ್ರಕಾರ ಬಟನ್ ಒತ್ತುವವರಿಗೂ ಹೊಣೆ ಇದೆ. ಹೀಗೆ ಹೇಳಿ: ‘ರೋಗಿಯ ಹೆಸರು, ಹುಟ್ಟಿದ ದಿನ, ವಿಳಾಸವನ್ನು ಅವರ ಬಾಯಿಂದಲೇ ಹೇಳಿಸುತ್ತೇನೆ, ಎಕ್ಸ್‌ರೇ ತೆಗೆಯದೆ ನಿಲ್ಲಿಸುತ್ತೇನೆ, ಬರೆದ ಡಾಕ್ಟರಿಗೆ ಫೋನ್ ಮಾಡಿ ಚೀಟಿ ಸರಿಪಡಿಸಿಕೊಳ್ಳುತ್ತೇನೆ, ನಡೆದದ್ದನ್ನು ಬರೆದಿಡುತ್ತೇನೆ.’ ಇದು ಅವರು ಕೇಳಲು ಕಾಯುವ ಉತ್ತರ.