ಮುಚ್ಚಳ ಮಗುವಿನ ಕೈಗೆ ಬಗ್ಗಬೇಕು

ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ಪ್ರತಿ ವರ್ಷ ಮೇ ಕೊನೆಗೆ ಆರೇಳು ಮಕ್ಕಳು ನಮ್ಮಲ್ಲಿಂದ ಒಂದನೇ ತರಗತಿಗೆ ಹೋಗುತ್ತಾರೆ. ಮೂರು ವರ್ಷ ಸೆರಗು ಹಿಡಿದುಕೊಂಡು ಓಡಾಡಿದವರನ್ನು ಬರಿಗೈಯಲ್ಲಿ ಕಳಿಸಲು ಮನಸ್ಸು ಒಪ್ಪುವುದಿಲ್ಲ. ಉಡುಗೊರೆಗೆಂದು ತಾಯಂದಿರು ಒಂದಿಷ್ಟು ದುಡ್ಡು ಸೇರಿಸುತ್ತಾರೆ, ನಾನು ಒಂದಿಷ್ಟು ಹಾಕುತ್ತೇನೆ.

ಮೊದಲ ವರ್ಷ ಎಲ್ಲರಿಗೂ ಒಂದು ಲೀಟರಿನ ಸ್ಟೀಲ್ ಬಾಟಲಿ ಕೊಟ್ಟಿದ್ದೆ. ಜೂನ್ ತಿಂಗಳ ಒಂದು ಸಂಜೆ ಒಬ್ಬ ಹುಡುಗಿಯ ಅಜ್ಜಿ ದಾರಿಯಲ್ಲಿ ಸಿಕ್ಕಿ, "ಅಕ್ಕೋರೇ, ಬೆಳಿಗ್ಗೆ ತುಂಬಿಸಿ ಕಳಿಸಿದ ನೀರು ಹಾಗೆಯೇ ವಾಪಸ್ ಬರುತ್ತದೆ" ಎಂದರು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. ಮುಚ್ಚಳ ಬಿಗಿ, ತಿರುಗಿಸಲು ಆಗುವುದಿಲ್ಲ. ಹೊಸ ಮೇಷ್ಟ್ರನ್ನು ಕೇಳಲು ನಾಚಿಕೆ. ನನ್ನ ಉಡುಗೊರೆಯನ್ನು ಹೊತ್ತುಕೊಂಡೇ ಆ ಮಗು ದಿನವಿಡೀ ಬಾಯಾರಿ ಕೂತಿತ್ತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅಂದಿನಿಂದ ನನ್ನ ಕ್ರಮ ಬದಲಾಯಿತು. ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದರೆ ಮೂರ್ನಾಲ್ಕು ಬಗೆಯ ಬಾಟಲಿಗಳಲ್ಲಿ ಒಂದೊಂದನ್ನು ಮಾತ್ರ ತರುತ್ತೇನೆ. ಮಕ್ಕಳ ಮುಂದಿಟ್ಟು ಏನೂ ಹೇಳದೆ ನೋಡುತ್ತೇನೆ. ಹಲ್ಲಿನಿಂದ ಕಚ್ಚಿ ಎಳೆದರೆ ಅದು ಬೇಡ. ತೆರೆದ ಮೇಲೆ ಮತ್ತೆ ಮುಚ್ಚಲು ಬಾರದಿದ್ದರೆ ಅದೂ ಬೇಡ. ಚೀಲದೊಳಗೆ ಪುಸ್ತಕವೆಲ್ಲ ನೆನೆಯುತ್ತದೆ. ಎಲ್ಲರ ಕೈಗೂ ಬಗ್ಗಿದ ಬಗೆ ಯಾವುದೆಂದು ಅಂಗಡಿಯವರಿಗೆ ಫೋನ್ ಮಾಡಿದರೆ ಉಳಿದವು ಬಸ್ಸಿನಲ್ಲಿ ಪಾರ್ಸೆಲ್ ಬರುತ್ತವೆ. ಅಳತೆ ಅರ್ಧ ಲೀಟರ್ ಸಾಕು. ಒಂದು, ಎರಡನೇ ತರಗತಿಯ ಮಕ್ಕಳ ಚೀಲ ಎರಡು ಕಿಲೋ ಮೀರಬಾರದು ಎಂದು 2019ರಲ್ಲಿ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತ್ತು. ಒಂದು ಲೀಟರ್ ನೀರೇ ಒಂದು ಕಿಲೋ ತೂಗುತ್ತದೆ ಎಂಬುದು ಮೊದಲ ವರ್ಷ ನನಗೆ ಹೊಳೆದಿರಲಿಲ್ಲ.

ನಮ್ಮ ಕಡೆ ಶಾಲೆ ಶುರುವಾಗುವುದಕ್ಕೂ ಮಳೆ ಹಿಡಿಯುವುದಕ್ಕೂ ಹೆಚ್ಚು ಅಂತರವಿಲ್ಲ. ಹಾಗಾಗಿ ಕೈಯಲ್ಲಿ ದುಡ್ಡಿದ್ದ ವರ್ಷ ರೇನ್‌ಕೋಟ್ ಕೊಡುತ್ತೇನೆ. ಪುಟ್ಟ ಬಣ್ಣದ ಕೊಡೆ ನೋಡಲು ಚಂದ, ಆದರೆ ಗುಡ್ಡದ ಗಾಳಿಗೆ ಮಗುವಿನ ಕೈಯಲ್ಲಿ ನಿಲ್ಲುವುದಿಲ್ಲ. ಬೆನ್ನಿನ ಚೀಲವೂ ಒಳಗೆ ಸೇರುವಷ್ಟು ರೇನ್‌ಕೋಟ್ ಸಡಿಲವಾಗಿರಬೇಕು. ಜಿಪ್‌ಗಿಂತ ಒತ್ತುವ ಗುಂಡಿ ವಾಸಿ. ಬಣ್ಣ ಹಳದಿಯೇ ಆಗಬೇಕೆಂದು ನಾನು ಹಟ ಹಿಡಿಯುತ್ತೇನೆ, ಮಂಜು ಕವಿದ ತಿರುವಿನಲ್ಲಿ ಬರುವ ಜೀಪಿನವರಿಗೆ ಮಗು ಕಾಣಬೇಕಲ್ಲ.

ಇವೆಲ್ಲ ಬೇಕಾದ ವಸ್ತುಗಳಾದವು. ಮಗುವಿಗೆ ಆಟದ ಸಾಮಾನೂ ಬೇಕು. 2021ರ ಜನವರಿಯಿಂದ ಕಾರ್ಖಾನೆಯ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ, ಅಂಥವುಗಳಲ್ಲಿ ಅದಿಲ್ಲದ್ದನ್ನು ನಾನು ಮುಟ್ಟುವುದಿಲ್ಲ. ಒಮ್ಮೆ ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆ ತರಿಸಿದ್ದೆ. ಬಳೆಗಳನ್ನು ಪೋಣಿಸುವ ಆಟಿಕೆಯನ್ನು ಆರು ವರ್ಷದವರು "ಇದು ಪಾಪುವಿಗೆ" ಎಂದು ತಮ್ಮಂದಿರಿಗೆ ದಾಟಿಸಿದರು. ಬುಗುರಿಯನ್ನು ಮಾತ್ರ ಯಾರೂ ಬಿಟ್ಟುಕೊಡಲಿಲ್ಲ.

ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಚೆನ್ನೆಮಣೆ, ಗುಳಿಯಿಂದ ಗುಳಿಗೆ ಕಾಯಿ ಹಾಕುತ್ತ ಇಬ್ಬರು ಆಡುವ ಮರದ ಮಣೆ. ಊರಿನ ಆಚಾರಿ ಹಲಸಿನ ಮರದ ಉಳಿಕೆ ತುಂಡುಗಳಲ್ಲೇ ಮಾಡಿಕೊಟ್ಟರು. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಸಿಬಿರು ಏಳದಂತೆ ಅಂಚನ್ನೆಲ್ಲ ಮರಳು ಕಾಗದದಲ್ಲಿ ಉಜ್ಜಿಸಿದೆ. ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ ಬೇಕು. ಒಬ್ಬ ತಾಯಿ ಪ್ರೀತಿಯಿಂದ ಡಬ್ಬಿ ತುಂಬ ಗುಲಗಂಜಿ ತಂದುಕೊಟ್ಟರು. ಕೆಂಪು ಮೈ, ಕಪ್ಪು ಕಣ್ಣು, ಎಂಥವರಿಗೂ ಆಸೆಯಾಗಬೇಕು. ಆದರೆ ಅಗಿದು ನುಂಗಿದರೆ ಗುಲಗಂಜಿ ಬೀಜ ಕಡು ವಿಷ. ಅವರಿಗೆ ಬೇಸರವಾಗದಂತೆ ತಿಳಿಸಿ ಹೇಳಿ ಹಿಂದಿರುಗಿಸಿದೆ. ಹುಣಸೆ ಬೀಜವನ್ನು ತೊಳೆದು ಒಣಗಿಸಿ, ಬಟ್ಟೆಯ ಚೀಲಗಳಲ್ಲಿ ಎಣಿಸಿ ತುಂಬಿದೆವು. ಎಣಿಸಿದವರು ಮಕ್ಕಳೇ. ಮನೆಯಲ್ಲಿ ಮೂರು ವರ್ಷದೊಳಗಿನ ಕೂಸಿದ್ದರೆ ಚೀಲ ಮೇಲಿಡಿ, ಗಂಟಲಿಗೆ ಸಿಕ್ಕಿಕೊಂಡೀತು ಎಂದು ಒಬ್ಬೊಬ್ಬ ತಾಯಿಗೂ ಬೇರೆಬೇರೆಯಾಗಿ ಹೇಳಿದೆ.

ಆ ಜುಲೈನಲ್ಲಿ ಮಳೆಗೆ ಶಾಲೆಗೆ ರಜೆ ಕೊಟ್ಟ ದಿನ ಒಂದು ಮನೆಯ ಜಗಲಿ ಹತ್ತಿದೆ. ಹುಡುಗ ಅಜ್ಜಿಯ ಎದುರು ಚಕ್ಕಳಮಕ್ಕಳ ಕೂತು ಗುಳಿಗೊಂದರಂತೆ ಬೀಜ ಹಾಕುತ್ತಿದ್ದ. ಅಜ್ಜಿ ಮೆಲ್ಲಗೆ ಒಂದು ಗುಳಿ ಬಿಟ್ಟು ಮುಂದಿನದಕ್ಕೆ ಹಾಕಿದರು. ಅವನು ಅವರ ಕೈ ಹಿಡಿದು, "ಅಜ್ಜಿ, ಇಲ್ಲಿ ಹಾಕಿಲ್ಲ ನೀನು" ಎಂದು ಬೀಜವನ್ನು ಹಿಂದಕ್ಕೆ ಇಡಿಸಿದ. ನನ್ನತ್ತ ತಿರುಗಿ ನೋಡಲೂ ಅವನಿಗೆ ಪುರುಸೊತ್ತಿರಲಿಲ್ಲ.