ಹದಿನೈದು ಮೀಟರ್ ಪೈಪು, ಅಪ್ಪನ ನಡಿಗೆ

ಸಿಒಪಿಡಿ (ಶ್ವಾಸನಾಳ ಕಿರಿದಾಗಿ ದಮ್ಮು ಹತ್ತುವ ದೀರ್ಘಕಾಲದ ಕಾಯಿಲೆ) ಇರುವ ಅಪ್ಪನನ್ನು ದಿನಾ ನಡೆಸುತ್ತೇನೆ ಅಂದಾಗ ಇಳಕಲ್ಲಿನ ನಮ್ಮ ಬೀಗರೆಲ್ಲ ಬೈದರು. "ದಮ್ಮು ಹತ್ತಿದ ಮನಿಷ್ಯಾನ್ನ ಯಾಕ ಅಡ್ಡಾಡಸ್ತೀರಿ, ಮಲಗಾಕ ಬಿಡ್ರಿ!" ಈಗ ಅಪ್ಪ ಪಡಸಾಲೆಯಿಂದ ಅಂಗಳಕ್ಕೆ ಇಪ್ಪತ್ತು ನಿಮಿಷ ಓಡಾಡುತ್ತಾರೆ. ಬೈದವರೇ ಈಗ ನನ್ನ ಹತ್ತಿರ ಆಕ್ಸಿಜನ್ ಪೈಪಿನ ರೇಟು ಕೇಳುತ್ತಾರೆ.

ಗಾಳಿಯಿಂದ ಆಕ್ಸಿಜನ್ ಬೇರೆ ಮಾಡಿ ನಿಮಿಷಕ್ಕೆ ಐದು ಲೀಟರ್ ಕೊಡುವ ಕಾನ್ಸನ್‌ಟ್ರೇಟರ್, ಸೆಕೆಂಡ್ ಹ್ಯಾಂಡ್, 28 ಸಾವಿರದ ಆಸುಪಾಸು. ಜೊತೆಗೆ ಬಂದ ಪೈಪು ಎರಡೇ ಮೀಟರ್. ಮಂಚ ಬಿಟ್ಟು ಇಳಿಯುವಂತಿರಲಿಲ್ಲ. ಹದಿನೈದು ಮೀಟರಿನದು ಕೊಂಡುಕೊಂಡೆ. ಅಗ್ಗದ್ದು ಮಂಚದ ಕಾಲಿನ ಹತ್ತಿರ ಮಡಚಿಕೊಂಡು ಗಾಳಿಯೇ ನಿಂತಿತು. ಆಮೇಲೆ ಒಳಗೆ ನಕ್ಷತ್ರದಾಕಾರದ ಗೆರೆ ಇರುವುದನ್ನು ತರಿಸಿದೆ. ಅದು ಮಡಚಿದರೂ ಮುಚ್ಚುವುದಿಲ್ಲ. ಆಕ್ಸಿಜನ್ ಬರುತ್ತಿದೆಯೋ ಇಲ್ಲವೋ ತಿಳಿಯಲು, ಪೈಪಿನ ಮೂಗಿಗೆ ಹಾಕುವ ತುದಿಯನ್ನು ಲೋಟದ ನೀರಿಗೆ ಅದ್ದಿ ಗುಳ್ಳೆ ನೋಡಿದರೆ ಸಾಕು. ಉದ್ದ ಪೈಪಿನಲ್ಲಿ ತೇವ ತಣ್ಣಗಾಗಿ ನೀರು ಕೂರುತ್ತೆ.

ಸದ್ದು ಕಡಿಮೆ ಮಾಡೋಣ ಅಂತ ಮಷಿನ್ನಿಗೆ ಥರ್ಮಾಕೋಲ್ ಹಾಕಿದ ಪೆಟ್ಟಿಗೆ ಮಾಡಿಸಿದ್ದೆ. ಮೇ ತಿಂಗಳ ಬಿಸಿಲು, ಮಷಿನ್ ಕಾದು ಅರ್ಧ ಗಂಟೆಗೇ ಅಲಾರಂ. ಪೆಟ್ಟಿಗೆಗೆ ಹಾಕಿದ ಒಂದೂವರೆ ಸಾವಿರ ದಂಡವಾಯಿತು. ಪೈಪು ಉದ್ದವಾದ ಮೇಲೆ ಮಷಿನ್ನನ್ನೇ ಪಡಸಾಲೆಗೆ ಹಾಕಿದೆ. ಆದರೆ ಅಲ್ಲಿ ಕಲ್ಲಿನ ಧೂಳು ಜಾಸ್ತಿ. ಫಿಲ್ಟರನ್ನು ದಿನ ಬಿಟ್ಟು ದಿನ ತೊಳೆಯಬೇಕು. ಅವ್ವನ ರೊಟ್ಟಿ ಒಲೆ ಹಿತ್ತಲಿಗೆ ಹೋಯಿತು. ಆಕ್ಸಿಜನ್ ಇರುವ ಕಡೆ ಬೆಂಕಿ ಬೇಡ, ಹೊಗೆಯಂತೂ ಬೇಡವೇ ಬೇಡ.

ನಡೆಸುವ ಮುಂಚೆ, ಔಷಧಿಯ ತುಂತುರು ಹಿಡಿದಿಡುವ ಕೊಳವೆಯಾದ ಸ್ಪೇಸರ್‌ನಲ್ಲಿ ಇನ್‌ಹೇಲರ್, ಕಾಲು ಗಂಟೆ ವಿಶ್ರಾಂತಿ. ಎರಡು ಹೆಜ್ಜೆಗೆ ಉಸಿರು ಒಳಗೆ, ನಾಲ್ಕು ಹೆಜ್ಜೆಗೆ ಹೊರಗೆ, ಊದುಗೊಳವೆ ಊದುವ ಹಾಗೆ ತುಟಿ ಮಾಡಿ. ದಮ್ಮು ಹೆಚ್ಚಾದರೆ ಕೂತು ಮೊಣಕೈ ತೊಡೆಗೆ ಊರುವುದು.

ಡಾಕ್ಟರು ಹೇಳಿದ್ದು ನಿಮಿಷಕ್ಕೆ 2 ಲೀಟರ್, ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇಕಡಾ 88ರಿಂದ 92 ಇದ್ದರೆ ಸಾಕು. ದೊಡ್ಡಪ್ಪನ ಮಗ ಒಂದು ರಾತ್ರಿ 89 ನೋಡಿ ಗಾಬರಿಯಾಗಿ 4ಕ್ಕೆ ಏರಿಸಿದ. ಬೆಳಗ್ಗೆ ಅಪ್ಪನಿಗೆ ತಲೆನೋವು, ಎಬ್ಬಿಸಿದರೂ ಏಳದಷ್ಟು ಮಂಪರು. ಆಕ್ಸಿಜನ್ ಅತಿಯಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿತ್ತು. ಆವತ್ತಿನಿಂದ ಗುಂಡಿಯ ಮೇಲೆ ಟೇಪು, "ಮುಟ್ಟಬೇಡಿ" ಅಂತ ಚೀಟಿ.

ಖರ್ಚಿನ ಪೆಟ್ಟು ಕರೆಂಟಿನದು. 350 ವ್ಯಾಟ್, ದಿನಕ್ಕೆ 16 ಗಂಟೆ ಅಂದರೆ ತಿಂಗಳಿಗೆ 170 ಯೂನಿಟ್. ಮನೆಯದೂ ಸೇರಿದರೆ 200 ದಾಟುತ್ತೆ, ಗೃಹಜ್ಯೋತಿ ಹೋಗಿ ಬಿಲ್ಲು ಪೂರ್ತಿ ನಮ್ಮದೇ. ಕರೆಂಟು ಹೋದರೆ ಇನ್ವರ್ಟರಿನ 150 ಎಎಚ್ ಬ್ಯಾಟರಿ ಮೂರು ಗಂಟೆ ಎಳೆಯುತ್ತೆ. ಅದರಾಚೆಗೆ ಬಿ ಟೈಪ್ ಆಕ್ಸಿಜನ್ ಸಿಲಿಂಡರ್ ಇದೆ, 2 ಲೀಟರಿನಲ್ಲಿ ಹನ್ನೆರಡು ಗಂಟೆ ಬರುತ್ತೆ.

ಈಗ ಅಪ್ಪನಿಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋಗುವ ಹಟ. ಬ್ಯಾಟರಿಯ ಸಣ್ಣ ಮಷಿನ್ ಲಕ್ಷದ ಮೇಲೆ. ಎರಡು ದಿನಕ್ಕೆ ಬಾಡಿಗೆ ಸಿಗುತ್ತಾ ಅಂತ ಹುಬ್ಬಳ್ಳಿಯಲ್ಲಿ ವಿಚಾರಿಸುತ್ತಿದ್ದೇನೆ.